ಕ್ಲಿನಿಕ್ ಗೋಡೆಗೆ ಆರು ಸಾಲು: ಮೂಲ ಮತ್ತು ವ್ಯಾಖ್ಯಾನ

ಕರ್ನಾಟಕದಲ್ಲಿ ಕ್ಲಿನಿಕ್ ತೆರೆಯುವವರು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಕಟ್ಟಡ, ಸಿಬ್ಬಂದಿ, ತ್ಯಾಜ್ಯ ವಿಲೇವಾರಿ ಎಂದು ಎಲ್ಲಕ್ಕೂ ಓಡಾಡಿ ಕಾಗದ ಹೊಂದಿಸುತ್ತಾರೆ. ರೋಗಿಯ ಗುಟ್ಟು ಯಾರ ಕೈಯಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಆಮೇಲೆ ನೋಡೋಣ ಎಂದು ಬದಿಗಿಡುತ್ತಾರೆ. ಆ ಹೊತ್ತಿಗೆ ಗೋಡೆ ಎದ್ದಿರುತ್ತದೆ, ಸಿಬ್ಬಂದಿಯ ಅಭ್ಯಾಸವೂ ಗಟ್ಟಿಯಾಗಿರುತ್ತದೆ. ಆದ್ದರಿಂದ ಮೊದಲ ರೋಗಿ ಬರುವ ಮುನ್ನವೇ ಗೋಡೆಗೆ ಹಾಕಲೆಂದು ಬರೆದ ಆರು ಸಾಲುಗಳು ಇವು. ಒಂದೊಂದರ ಕೆಳಗೂ ಅದರ ವ್ಯಾಖ್ಯಾನ.

1. ಇಲ್ಲಿ ಹೆಸರು ಕೂಗುವುದಿಲ್ಲ, ಟೋಕನ್ ಸಂಖ್ಯೆ ಕರೆಯುತ್ತೇವೆ.

ತಾಲ್ಲೂಕು ಊರಿನ ಕ್ಲಿನಿಕ್ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ. 'ಸಾವಿತ್ರಮ್ಮಾ, ನಿಮ್ಮ ಮಗಳ ಸ್ಕ್ಯಾನಿಂಗ್ ರಿಪೋರ್ಟ್ ಬಂತಾ?' ಎಂದು ಕೌಂಟರಿನಿಂದ ಒಂದು ದನಿ ಬಂದರೆ ಸಾಕು, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಬಾಯಷ್ಟೇ ಅಪಾಯದ್ದು ಕೌಂಟರಿನ ಮೇಲೆ ತೆರೆದು ಬಿದ್ದಿರುವ ಒಪಿಡಿ ಪುಸ್ತಕ. ತನ್ನ ಹೆಸರು ಬರೆಸಲು ಬಗ್ಗಿದವರು ಮೇಲಿನ ಹತ್ತು ಹೆಸರನ್ನೂ ಓದುತ್ತಾರೆ.

ಸಂಖ್ಯೆ ಕರೆದರೆ ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗದೇ ಎಂಬ ಆಕ್ಷೇಪ ಬರಬಹುದು. ಹೊರಗೆ ಸಂಖ್ಯೆ, ಒಳಗೆ ಬಂದ ಮೇಲೆ ಹೆಸರು ಮತ್ತು ವಯಸ್ಸು ಕೇಳಿ ಖಚಿತಪಡಿಸಿಕೊಳ್ಳುವುದು. ಇಷ್ಟೇ ಅದಕ್ಕೆ ಸಮಾಧಾನ.

2. ಒಬ್ಬರು ಒಳಗಿರುವಾಗ ಇನ್ನೊಬ್ಬ ರೋಗಿಯನ್ನು ಬಿಡುವುದಿಲ್ಲ.

ಸಮಯ ಉಳಿಯಲಿ ಎಂದು ಮುಂದಿನ ಇಬ್ಬರನ್ನು ಒಳಗಿನ ಸ್ಟೂಲಿನ ಮೇಲೆ ಕೂರಿಸುವ ರೂಢಿ ಎಲ್ಲೆಡೆ ಇದೆ. ಬಿಳಿಸೆರಗಿನ ತೊಂದರೆಯನ್ನಾಗಲೀ ಕುಡಿತದ ಚಟವನ್ನಾಗಲೀ ಅವರ ಮುಂದೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೆ ರೋಗ ತಿಳಿಯುವುದಿಲ್ಲ. ಉಳಿಸಿದ ಸಮಯ ತಪ್ಪು ಚಿಕಿತ್ಸೆಗೆ ಹೋಗುತ್ತದೆ. ಮಳಿಗೆ ಬಾಡಿಗೆಗೆ ಹಿಡಿಯುವಾಗಲೇ ಒಬ್ಬರನ್ನು ಒಳಗೆ ಮಾತಾಡಿಸಿ, ನೀವು ಬೆಂಚಿನ ಮೇಲೆ ಕೂತು ಕೇಳಿ. ಪ್ಲೈವುಡ್ ಗೋಡೆ ಸೂರು ಮುಟ್ಟದಿದ್ದರೆ ಮಾತೆಲ್ಲ ಹೊರಗೆ.

ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕು. ಇದು ಈ ಸಾಲಿಗೆ ವಿರುದ್ಧವಲ್ಲ. ಹಾಗೆ ಜೊತೆಗಿರುವ ನರ್ಸಮ್ಮನೂ ಗುಟ್ಟಿಗೆ ಬದ್ಧಳು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅದನ್ನು ಬರಹದಲ್ಲಿ ಪಡೆಯಿರಿ.

3. ಚಿಕಿತ್ಸೆಗೆ ಬೇಕಾದಷ್ಟನ್ನೇ ಕೇಳುತ್ತೇವೆ. ಯಾಕೆಂದು ಹೇಳಿ ಬರೆದುಕೊಳ್ಳುತ್ತೇವೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಕಾರಣವಾದ ಅರ್ಜಿಯನ್ನು ಆಧಾರ್ ವಿರುದ್ಧ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಈಗ ಕ್ಲಿನಿಕ್ ತೆರೆಯುವವರು ಆ ಗಡುವನ್ನು ಕಾಯದೆ ಮೊದಲ ದಿನದಿಂದಲೇ ಅದರಂತೆ ನಡೆಯುವುದು ಜಾಣತನ. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಜನರಿಗಿರಬೇಕು. ಹಾಗಾಗಿ ಫಾರಂ ಕನ್ನಡದಲ್ಲಿರಲಿ. ನೆಗಡಿಗೆ ಬಂದವರಿಂದ ಆಧಾರ್ ಜೆರಾಕ್ಸ್ ಕೇಳುವುದು, ಜಾತಿಯ ಕಾಲಂ ತುಂಬಿಸುವುದು ಬೇಡ. ನಿಮ್ಮಲ್ಲಿ ಇಲ್ಲದ ಮಾಹಿತಿ ಸೋರುವುದೂ ಇಲ್ಲ.

4. ನಿಮ್ಮ ಚೀಟಿ, ರಿಪೋರ್ಟು, ಫೋಟೊ ನಿಮ್ಮನ್ನು ಕೇಳದೆ ಯಾರಿಗೂ ಕೊಡುವುದಿಲ್ಲ, ಮನೆಯವರಿಗೂ.

ಈ ಆರರಲ್ಲಿ ಪಾಲಿಸಲು ಅತಿ ಕಷ್ಟವಾದ ಸಾಲು ಇದು. ನಮ್ಮಲ್ಲಿ ರೋಗಿ ಒಬ್ಬರೇ ಬರುವುದಿಲ್ಲ. ಅತ್ತೆ, ಭಾವ, ಪಕ್ಕದ ಮನೆಯವರು ಜೊತೆಗಿರುತ್ತಾರೆ, ಬಿಲ್ಲನ್ನೂ ಅವರೇ ಕಟ್ಟುತ್ತಾರೆ. 'ದುಡ್ಡು ಕೊಟ್ಟೋರು ನಾವು, ನಮಗೇ ಹೇಳಲ್ವಾ ಡಾಕ್ಟ್ರೇ?' ಎಂಬ ಮಾತಿಗೆ ಉತ್ತರ ಸಿದ್ಧವಿರಬೇಕು. ರೋಗಿಯೊಬ್ಬರೇ ಇದ್ದಾಗ 'ಇದನ್ನ ಅವರಿಗೆ ಹೇಳಬಹುದಾ?' ಎಂದು ಕೇಳಿ, ಬಂದ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಹಣ್ಣಾದ ಗಾಯದ ಫೋಟೊವನ್ನು ವೈದ್ಯರ ವಾಟ್ಸಾಪ್ ಗುಂಪಿಗೆ ಹಾಕುವವರೂ ಇದನ್ನು ಓದಬೇಕು. ಗುರುತು ಸಿಗುವಂತೆ ರೋಗಿಯ ಚಿತ್ರವನ್ನು ಅನುಮತಿಯಿಲ್ಲದೆ ಪ್ರಕಟಿಸುವುದು 2002ರ ವೈದ್ಯರ ನಡವಳಿಕೆ ನಿಯಮಗಳ ಪ್ರಕಾರ ದುರ್ನಡತೆ.

ಎಚ್‌ಐವಿ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಆಸ್ಪತ್ರೆಯೊಂದು ಒಬ್ಬರ ಎಚ್‌ಐವಿ ಸ್ಥಿತಿಯನ್ನು ಹೊರಗೆಡವಿ ಮದುವೆ ಮುರಿದುಬಿದ್ದ ಪ್ರಕರಣದಲ್ಲಿ, 1998ರಲ್ಲಿ ಸುಪ್ರೀಂ ಕೋರ್ಟು ಹುಡುಗಿಯ ಆರೋಗ್ಯವನ್ನು ಮುಂದಿಟ್ಟು ಆಸ್ಪತ್ರೆಯ ಪರ ನಿಂತಿತು. ಅದನ್ನು ಹಿಡಿದು ಯಾರಿಗೆ ಬೇಕಾದರೂ ಹೇಳಬಹುದು ಎಂದುಕೊಳ್ಳಬಾರದು. 2017ರ ಎಚ್‌ಐವಿ ಕಾಯ್ದೆಯಂತೆ ಸಂಗಾತಿಗೆ ತಿಳಿಸಬಹುದಾದವರು ವೈದ್ಯರು ಅಥವಾ ಆಪ್ತಸಲಹೆಗಾರರು ಮಾತ್ರ. ಅದೂ ರೋಗಿಗೆ ತಿಳಿಹೇಳಿ, ಅವರೇ ತಿಳಿಸುವುದಿಲ್ಲ ಎಂದು ಖಚಿತವಾದ ಮೇಲೆ, ತಾವು ತಿಳಿಸುವುದಾಗಿ ರೋಗಿಗೆ ಮುಂಚೆ ಹೇಳಿಯೇ. ಕಾಂಪೌಂಡರಿಗೆ ಆ ಅಧಿಕಾರವಿಲ್ಲ.

5. ಕಾನೂನು ಕೇಳಿದಲ್ಲಿ, ಕೇಳಿದವರಿಗೆ, ಕೇಳಿದಷ್ಟೇ ತಿಳಿಸುತ್ತೇವೆ.

ಕ್ಷಯವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡುವಂತಿಲ್ಲ. ನ್ಯಾಯಾಧೀಶರ ಆದೇಶ ಬಂದರೆ ಹೇಳಲೇಬೇಕು. ಅಧಿಕಾರಿಗೆ ತಿಳಿಸುವುದು ಬೇರೆ, ಊರಿಗೆ ತಿಳಿಸುವುದು ಬೇರೆ. 2020ರ ಮಾರ್ಚ್‌ನಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿದಾಗ ಈ ಗೆರೆ ಅಳಿಸಿಹೋಯಿತು. ಪೊಲೀಸರು ಬಾಯಿಮಾತಿನಲ್ಲಿ ರೋಗಿಯ ದಾಖಲೆ ಕೇಳಿದರೆ, ಬರಹದಲ್ಲಿ ಕೊಡಿ ಎನ್ನಲು ಅಂಜಬೇಕಿಲ್ಲ.

6. ಹಳೆಯ ದಾಖಲೆ ರದ್ದಿಗೆ ಹೋಗುವುದಿಲ್ಲ.

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅವಧಿ ಮುಗಿದದ್ದನ್ನು ಚೂರು ಮಾಡಿಯೇ ಹೊರಹಾಕಿ. ಇಡಿಯಾಗಿ ತೂಕಕ್ಕೆ ಹಾಕಿದರೆ ಕಡಲೆಕಾಯಿ ಪೊಟ್ಟಣದ ಮೇಲೆ ಯಾರದೋ ರಕ್ತಪರೀಕ್ಷೆ ಕಂಡೀತು. ಕಂಪ್ಯೂಟರ್ ಇದ್ದರೆ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ, ಬ್ಯಾಕಪ್ ಬೇರೆ ಕಡೆ ಇರಲಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳೇ ಸೈಬರ್ ದಾಳಿಗೆ ಸಿಕ್ಕಿ, ಆಸ್ಪತ್ರೆ ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು.

ಟೋಕನ್, ಬಾಗಿಲು, ಕಾಗದ ಚೂರು ಮಾಡುವ ಯಂತ್ರ ಇವೆಲ್ಲ ಸೇರಿದರೂ ಉದ್ಘಾಟನೆಯ ಶಾಮಿಯಾನ, ಊಟದ ಖರ್ಚಿಗೆ ಸಮವಾಗಲಾರದು. ಹೊಸದಾಗಿ ಕ್ಲಿನಿಕ್ ತೆರೆಯುವ ವೈದ್ಯರು ಈ ಆರು ಸಾಲನ್ನು ಮೊದಲು ಕೌಂಟರಿನಲ್ಲಿ ಕೂರುವವರಿಗೆ ಓದಿ ಹೇಳಲಿ, ಆಮೇಲೆ ಗೋಡೆಗೆ ಹಾಕಲಿ. ಪಾಲಿಸಲಾಗದ ಸಾಲು ಇದ್ದರೆ ಅದನ್ನು ಬರೆಸಲೇಬೇಡಿ. ಗೋಡೆಯ ಮೇಲಿನ ಮಾತನ್ನು ನಂಬಿಯೇ ರೋಗಿ ಬಾಯಿಬಿಡುತ್ತಾರೆ.