ಶ್ರವ್ಯಕಥೆಯಲ್ಲಿ ಕಾಕುವಿನ ಔಚಿತ್ಯ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿರುವರಷ್ಟೆ. ಅಚ್ಚಿನ ಕಾಲದಲ್ಲಿ ಶ್ರವ್ಯವು ಬಹುಮಟ್ಟಿಗೆ ಕಣ್ಣಿನ ವಿಷಯವಾಯಿತು. ಧ್ವನಿಮುದ್ರಿತ ಪುಸ್ತಕಗಳಿಂದ ಅದು ಮರಳಿ ಕಿವಿಗೆ ಬಂದಿರುವುದು. ಆದುದರಿಂದ ವಾಚಕನ ಕಂಠವೂ ವಿಮರ್ಶೆಗೆ ವಿಷಯವಾಗತಕ್ಕದ್ದು.

ಅಗಾಥಾ ಕ್ರಿಸ್ಟಿಯವರು 1926ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ ಆಫ್ ರಾಜರ್ ಅಕ್ರಾಯ್ಡ್’ ಎಂಬ ಕಾದಂಬರಿಯನ್ನು ನೋಡೋಣ. ಕಥೆಯನ್ನು ಹೇಳುವ ವೈದ್ಯ ಷೆಪರ್ಡನೇ ಕೊಲೆಗಾರನೆಂಬುದು ಇದರಲ್ಲಿ ಕೊನೆಗೆ ತಿಳಿಯುವುದು. ನಿರೂಪಣೆಯಲ್ಲಿ ಅವನು ಸತ್ಯವನ್ನು ಮುಚ್ಚುವುದು ಹೆಚ್ಚಾಗಿ ಮೌನದಿಂದ. ಅಚ್ಚಿನಲ್ಲಿ ಆ ಮೌನದ ಸುತ್ತಣ ಮಾತಿಗೆ ಸ್ವರವಿಲ್ಲ. ವಾಚನದಲ್ಲಿ ಸ್ವರವು ಅನಿವಾರ್ಯ. ಇಕ್ಕಟ್ಟು ಇಲ್ಲಿಯೇ.

ಭರತನು ಕಾಕುವನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಇಬ್ಬಗೆಯಾಗಿ ಹೇಳಿರುವನು. ಷೆಪರ್ಡನ ವಾಕ್ಯಗಳನ್ನು ಸಾಕಾಂಕ್ಷವಾಗಿ, ಇನ್ನೇನೋ ಉಳಿದಿದೆಯೆಂಬಂತೆ ಓದಿದರೆ ಗುಟ್ಟು ರಟ್ಟಾಗುವುದು. ಭಾವಶೂನ್ಯವಾಗಿ ಓದಿದರೆ ಕುತೂಹಲವೇ ಬಾಡುವುದು. ಹ್ಯೂ ಫ್ರೇಸರ್ ಎಂಬ ನಟರ ವಾಚನವು ಈ ಇಕ್ಕಟ್ಟನ್ನು ದಾಟಿರುವುದೆಂದು ನಮ್ಮ ಮತ. ಹಳ್ಳಿಯ ವೈದ್ಯನಿಗೆ ತಕ್ಕ ಶಾಂತಸ್ವರವನ್ನು ಅವರು ಬಿಡುವುದಿಲ್ಲ. ಮೊದಲ ಸಲ ಕೇಳುವವನಿಗೆ ಆ ಶಾಂತಿಯು ಸಜ್ಜನಿಕೆಯಾಗಿ ತೋರುವುದು. ಎರಡನೆಯ ಸಲ ಅದೇ ಶಾಂತಿಯು ಅಪರಾಧಿಯ ಎಚ್ಚರಿಕೆಯಾಗಿ ಧ್ವನಿಸುವುದು. ಇಲ್ಲಿ ಬದಲಾದುದು ಸ್ವರವಲ್ಲ, ಮಾತಾಡುವವನು ಯಾರೆಂಬ ನಮ್ಮ ಅರಿವು. ಮಮ್ಮಟನು ವ್ಯಂಗ್ಯಕ್ಕೆ ಕಾರಣಗಳನ್ನು ಎಣಿಸುವಲ್ಲಿ ಕಾಕುವಿನೊಡನೆ ವಕ್ತೃವಿಶೇಷವನ್ನೂ ಸೇರಿಸಿರುವುದು ಎಷ್ಟು ಸಮಂಜಸವೆಂಬುದು ಇದರಿಂದ ವಿಶದವಾಗುವುದು.

ವಾಚಕನು ಕೃತಿಗೆ ಏನನ್ನೂ ಸೇರಿಸಬಾರದೆಂಬ ಪಕ್ಷವುಂಟು. ಕಂಠವುಳ್ಳವನು ಸೇರಿಸದೆ ಇರಲಾರನು. ತಾನರಿತ ಅಂತ್ಯವು ಅಕಾಲದಲ್ಲಿ ಕಂಠಕ್ಕೆ ಬಾರದಂತೆ ತಡೆಯುವ ಸಂಯಮವೇ ಅವನ ಔಚಿತ್ಯವು. ಸಹೃದಯನ ಆಸ್ವಾದಕ್ಕೆ ಅದೇ ಆಧಾರವು.