ಇಲಿಯ ಯಕೃತ್ತಿನಲ್ಲೇ ನಿಂತುಹೋದ ನೆಲನೆಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಕಡೆ ಮುಂಗಾರು ಹಿಡಿದು ಕೆಲವು ವಾರ ಕಳೆಯಿತೆಂದರೆ ಕಾಫಿ ಸಾಲುಗಳ ನಡುವೆ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ, ಎಲೆಗಳ ಅಡಿಯಲ್ಲಿ ಸಣ್ಣ ಹಸಿರು ಕಾಯಿಗಳ ಸಾಲು. ತೋಟದ ಲೆಕ್ಕದಲ್ಲಿ ಅದು ಕಳೆ. ಕಳೆ ಕೊಚ್ಚುವಾಗ ಉಳಿದೆಲ್ಲದರ ಜೊತೆ ಅದೂ ಹೋಗುತ್ತದೆ. ಆದರೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಯಾರದೋ ಕಣ್ಣು ಕಾಮಾಲೆಯಿಂದ ಹಳದಿ ತಿರುಗಿತು ಅನ್ನಿ, ಅದೇ ಗಿಡವನ್ನು ಬೇರುಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ, ಖಾರ ಬಿಡಿಸಿ ಪಥ್ಯ ಹೇಳುತ್ತಾರೆ. ಹೆಚ್ಚಿನವರು ವಾಸಿಯಾಗುತ್ತಾರೆ.

ವಾಸಿಯಾಗುವುದು ನಿಜ. ವಾಸಿ ಮಾಡಿದ್ದು ಯಾವುದು ಎಂಬುದು ಬೇರೆ ಪ್ರಶ್ನೆ. ಬಾಬಾಬುಡನ್‌ಗಿರಿ ಸಾಲಿನ ಔಷಧಿ ಸಸ್ಯಗಳ ಬಗ್ಗೆ ಇಷ್ಟು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯನ್ನು ಈ ಪ್ರಶ್ನೆಯ ಎದುರು ನಿಲ್ಲಿಸಿಯೇ ಬೆಲೆ ಕಟ್ಟಬೇಕು ಎಂದು ನಾನು ನಂಬುತ್ತೇನೆ. ಕುಡಿದವರು ಕುಡಿಯದವರಿಗಿಂತ ಬೇಗ ಗುಣವಾದರೇ? ಆಗಿದ್ದರೆ ಎಷ್ಟು ದಿನ ಮೊದಲು?

ಗಿಡ ಗುರುತಿಸುವ ಕೆಲಸದಲ್ಲಿ ಈ ಜಿಲ್ಲೆ ಭಾಗ್ಯವಂತ. ಎಸ್.ಎನ್. ಯೋಗನರಸಿಂಹನ್, ಕೆ. ಸುಬ್ರಹ್ಮಣ್ಯಂ, ಬಿ.ಎ. ರಾಜಿ ಸೇರಿ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು 1981ರಲ್ಲೇ ಹೊರತಂದರು. ಯೋಗನರಸಿಂಹನ್ ಅವರೇ 1996ರಲ್ಲಿ ಕರ್ನಾಟಕದ ಔಷಧಿ ಸಸ್ಯಗಳ ದೊಡ್ಡ ಸಂಪುಟ ಕೊಟ್ಟರು. ಸ್ಥಳೀಯ ವೈದ್ಯ ಪರಂಪರೆಗಳ ಪುನಶ್ಚೇತನಕ್ಕೆಂದು 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ರಾಜ್ಯದಲ್ಲಿ 13 ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಕೆಮ್ಮಣ್ಣುಗುಂಡಿ, ಕುದುರೆಮುಖ, ಚಾರ್ಮಾಡಿ ಆ ಪಟ್ಟಿಯಲ್ಲಿವೆ. ಶೃಂಗೇರಿ ತಾಲ್ಲೂಕಿನ ಜನರ ಸಸ್ಯಜ್ಞಾನದ ಸಮೀಕ್ಷೆ 2006ರಲ್ಲಿ ಪ್ರಕಟವಾಯಿತು. ಯಾವ ಗಿಡ ಎಲ್ಲಿದೆ, ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ತಳಪಾಯ ಗಟ್ಟಿಯಾಗಿದೆ. ಶೋಲಾ ಕಾಡು ಕರಗುತ್ತಿರುವಾಗ ಇದೇನೂ ಸಣ್ಣ ಕೆಲಸವಲ್ಲ.

ತೊಡಕು ಆ ತಳಪಾಯದ ಮೇಲೆ ಕಟ್ಟಿದ್ದರಲ್ಲಿದೆ. ಸಮೀಕ್ಷೆಗಳು ಗಿಡದ ಹೆಸರು, ಭಾಗ, ಕಾಯಿಲೆ ಬರೆದುಕೊಂಡು ಮುಂದೆ ಹೋಗುತ್ತವೆ. ನಾಟಿ ವೈದ್ಯರು ಎಷ್ಟು ಹಿಡಿ ಅರೆಯುತ್ತಾರೆ, ಯಾವುದರಲ್ಲಿ ಕದಡುತ್ತಾರೆ, ಎಷ್ಟು ದಿನ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ ಎಂಬುದು ಪಟ್ಟಿಯ ಕೋಷ್ಟಕದಲ್ಲಿ ಹಿಡಿಸುವುದಿಲ್ಲ. ಹೊರಗೆ ಹೇಳಿದರೆ ಮದ್ದು ಫಲಿಸುವುದಿಲ್ಲ ಎಂಬ ನಂಬಿಕೆಯಿಂದ ವೈದ್ಯರೂ ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ಹೀಗೆ ಪ್ರಯೋಗಾಲಯಕ್ಕೆ ಹೋಗುವುದು ಗಿಡ ಮಾತ್ರ. ಮದ್ದು ಹಳ್ಳಿಯಲ್ಲೇ ಉಳಿಯುತ್ತದೆ.

ಪ್ರಯೋಗಾಲಯದಿಂದ ಬಂದ ಬರಹಗಳ ರಾಶಿಯೇ ಇದೆ, ಮತ್ತು ಅವುಗಳ ನಡೆ ಬಹುಪಾಲು ಒಂದೇ. ಗಿಡ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೆಯುತ್ತಾರೆ. ಇಲಿಗಳಿಗೆ ಆ ಸಾರ ಕುಡಿಸಿ, ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಯಕೃತ್ತನ್ನು ಕೆಡಿಸಿ, ರಕ್ತದಲ್ಲಿ ಕಿಣ್ವಗಳ ಏರಿಕೆ ಅಳೆಯುತ್ತಾರೆ. ಸಾರ ಕುಡಿದ ಇಲಿಯಲ್ಲಿ ಏರಿಕೆ ಕಡಿಮೆ ಕಂಡರೆ, ಗಿಡಕ್ಕೆ ಯಕೃತ್ತನ್ನು ಕಾಪಾಡುವ ಗುಣವಿದೆ, ಜನಪದ ನಂಬಿಕೆಗೆ ವೈಜ್ಞಾನಿಕ ಆಧಾರ ಸಿಕ್ಕಿತು ಎಂಬ ತೀರ್ಮಾನ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ನೇರವಾಗಿ ಯಕೃತ್ತನ್ನು ಸುಡುವುದಿಲ್ಲ. ಯಕೃತ್ತಿನದೇ ಒಂದು ಕಿಣ್ವ ಅದನ್ನು ಒಡೆದಾಗ ಹುಟ್ಟುವ ಚುರುಕಾದ ತುಣುಕುಗಳು ಜೀವಕೋಶದ ಪೊರೆಯನ್ನು ಹರಿಯುತ್ತವೆ. ಆ ಕಿಣ್ವವನ್ನು ತಡೆಯುವ, ಇಲ್ಲವೇ ಆ ತುಣುಕುಗಳನ್ನು ಹೀರಿಕೊಳ್ಳುವ ಯಾವ ಸಾರವಾದರೂ ಇಲಿಯನ್ನು ಕಾಯುತ್ತದೆ. ಒಗರಿರುವ ಎಷ್ಟೋ ಎಲೆಗಳಿಗೆ ಈ ಶಕ್ತಿ ಇದೆ. ಕಳಸದ ಕೂಲಿಯವರ ಯಕೃತ್ತನ್ನು ಕೆಡಿಸಿರುವುದಾದರೋ ಹೆಚ್ಚಾಗಿ ವೈರಸ್, ದ್ರಾವಕವಲ್ಲ.

ಪ್ರಮಾಣದ ಮಾತನ್ನೂ ನೋಡಿ. ಇಂಥ ಪ್ರಯೋಗಗಳಲ್ಲಿ ಇಲಿಯ ತೂಕದ ಕಿಲೋ ಒಂದಕ್ಕೆ 400 ಮಿಲಿಗ್ರಾಂ ಸಾರ ಕೊಡುವುದು ವಾಡಿಕೆ. ಇಲಿಯ ಪ್ರಮಾಣವನ್ನು ಮನುಷ್ಯರ ಪ್ರಮಾಣಕ್ಕೆ ಇಳಿಸಲು ಸುಮಾರು 6ರಿಂದ ಭಾಗಿಸುತ್ತಾರೆ. ಆ ಲೆಕ್ಕದಲ್ಲಿ 60 ಕಿಲೋ ತೂಗುವವರಿಗೆ ದಿನಕ್ಕೆ 4 ಗ್ರಾಂ ಒಣ ಸಾರ ಬೇಕು. ಒಣ ಗಿಡದ ತೂಕದಲ್ಲಿ ಹತ್ತರಲ್ಲೊಂದು ಪಾಲು ಸಾರ ಇಳಿಯುತ್ತದೆ ಎಂದುಕೊಂಡರೂ 40 ಗ್ರಾಂ ಒಣ ಗಿಡ; ಹಸಿಯಾಗಿ ಅದರ ಮೂರು ನಾಲ್ಕು ಪಟ್ಟು. ವೈದ್ಯರು ಕೊಡುವುದು ಒಂದು ಹಿಡಿ ಅರೆದ ಹಸಿ ಗಿಡ, ಮಜ್ಜಿಗೆಯಲ್ಲಿ. ಮೆಥನಾಲ್‌ನಲ್ಲಿ ಕರಗುವುದೆಲ್ಲ ಮಜ್ಜಿಗೆಗೆ ಇಳಿಯುತ್ತದೆ ಎನ್ನುವಂತೆಯೂ ಇಲ್ಲ. ಹೀಗಿರುವಾಗ ಇಲಿಯಲ್ಲಿ ಕಂಡದ್ದು ಆ ಲೋಟದ ಮದ್ದಿನ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾರದು.

ಮನುಷ್ಯರ ಮೇಲೆ ನೆಲನೆಲ್ಲಿಯ ಪರೀಕ್ಷೆ ನಡೆದೇ ಇಲ್ಲವೆಂದಲ್ಲ. ಚೆನ್ನೈಯ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಹೆಪಟೈಟಿಸ್ ಬಿ ವೈರಸ್ಸಿನ ಶೋಧಕ್ಕಾಗಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರನ್ನೂ ಜೊತೆಗಿಟ್ಟುಕೊಂಡು, 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧಿ ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಅಂಥ ಫಲಿತಾಂಶ ಕಂಡು ಜಗತ್ತು ಬೆರಗಾದದ್ದು ಸಹಜ. ಆದರೆ 1990ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ ಆ ಗುಣ ಕಾಣಲಿಲ್ಲ. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ತೂಗಿ ನೋಡಿದ 2011ರ ಕಾಕ್ರೇನ್ ಪರಾಮರ್ಶೆ, ಹುಸಿ ಔಷಧಿಗಿಂತ ಮೇಲೆಂದು ನಂಬಿಸುವ ಸಾಕ್ಷ್ಯ ಸಿಗಲಿಲ್ಲ ಎಂದಿತು.

ಚೆನ್ನೈಯ ಕೆಲಸವನ್ನು ನಾನು ಕಡೆಗಣಿಸುವುದಿಲ್ಲ. ಗಿಡಕ್ಕೆ ಕೊಡಬಹುದಾದ ನಿಜವಾದ ಗೌರವ ಅದೇ: ರೋಗಿಗಳಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ, ಬೇರೆಯವರು ಮತ್ತೆ ಮಾಡಿ ನೋಡುವಂತೆ ತೆರೆದಿಡುವುದು. ತಪ್ಪೆಂದು ಕಂಡರೂ ಅದು ಜ್ಞಾನವೇ. ನೂರು ಇಲಿ ಪ್ರಬಂಧಗಳಿಗಿಂತ ಆ ಒಂದು ಪರೀಕ್ಷೆ ನಮ್ಮನ್ನು ಹೆಚ್ಚು ಮುಂದಕ್ಕೆ ಕೊಂಡೊಯ್ದಿತು.

ಇದರ ನಡುವೆ ಇನ್ನೊಂದು ತೊಡಕಿದೆ: ಪರೀಕ್ಷೆಗೆ ಒಳಗಾದ ಗಿಡ ಯಾವುದು? ನೆಲನೆಲ್ಲಿ ಎಂದು ಕರೆಸಿಕೊಳ್ಳುವ ಗಿಡಗಳು ಒಂದೆರಡಲ್ಲ. ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ 25 ಗಿಡಮೂಲಿಕೆ ಅಂಗಡಿಗಳ ಮಾಲನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದಾಗ, ಅದರಲ್ಲಿ ಒಟ್ಟು ಆರು ಪ್ರಭೇದಗಳು ಸಿಕ್ಕಿದ್ದವು. ಮುಕ್ಕಾಲು ಪಾಲು ಮಾಲು ಸರಿಯಾದದ್ದೇ. ಉಳಿದದ್ದರಲ್ಲಿ ಬೇರೆ ಗಿಡಗಳಿದ್ದವು. ಡಿಎನ್‌ಎ ನೋಡಿ ಗುರುತಿಸುವ ಈ ಬಗೆಯ ಕೆಲಸ ಕರ್ನಾಟಕದ ಸಂಶೋಧನೆಯ ನಿಜವಾದ ಹೆಮ್ಮೆ. ಪೇಟೆಯ ಚೀಲದಿಂದ ಗಿಡ ತಂದು, ಮಾದರಿಯನ್ನು ಯಾವ ಸಸ್ಯಸಂಗ್ರಹದಲ್ಲೂ ಇಡದೆ ಬರೆದ ಪ್ರಬಂಧವನ್ನು ಸಂಪಾದಕರು ಮೊದಲ ಪುಟದಲ್ಲೇ ತಿರುಗಿಸಿ ಕಳಿಸಬೇಕು.

ಹಾಗಾದರೆ ಈ ಘಟ್ಟಗಳ ಗಿಡ ಎಂದೂ ಗೆದ್ದಿಲ್ಲವೇ? ಗೆದ್ದಿದೆ, ಅದೂ ಯಾರೂ ನಿರೀಕ್ಷಿಸದ ಕಡೆಯಿಂದ. ಪಶ್ಚಿಮಘಟ್ಟದ ಕಾಡಂಚಿನಲ್ಲಿ ಬೆಳೆಯುವ ದುರ್ವಾಸನೆ ಮರದ ಹೂವಿನ ನಾತವೇ ಅದಕ್ಕೆ ಹೆಸರು ಕೊಟ್ಟಿದೆ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದ್ದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿ ಹೇರಳವಾಗಿದೆ ಎಂದು ತೋರಿಸಿದರು. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯ ತಿರುಚನ್ನು ಸಡಿಲಿಸುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಅದರಿಂದ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಅಂಡಾಶಯದ, ದೊಡ್ಡಕರುಳಿನ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ. ಅಣು ಗೊತ್ತು, ಅದು ಹಿಡಿಯುವ ಕಿಣ್ವ ಗೊತ್ತು, ಪ್ರಮಾಣ ಗೊತ್ತು, ಅಡ್ಡಪರಿಣಾಮ ಗೊತ್ತು, ಬದುಕಿದ ರೋಗಿಗಳ ಲೆಕ್ಕ ಗೊತ್ತು.

ಈ ಗೆಲುವಿಗೆ ಬೆಲೆ ತೆತ್ತದ್ದು ಮರ. ಬೇಡಿಕೆ ಏರಿದಂತೆ ಘಟ್ಟದುದ್ದಕ್ಕೂ ಮರಗಳನ್ನು ಕಡಿದು, ಚಕ್ಕೆ ಮಾಡಿ ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಂಗಡಿಗರು ಹೆಚ್ಚು ಸತ್ವವಿರುವ ಮರಗಳು ಘಟ್ಟದ ಯಾವ ಭಾಗದಲ್ಲಿವೆ ಎಂದು ಹುಡುಕಿದರು. ಮರದೊಳಗೇ ಬದುಕುವ ಶಿಲೀಂಧ್ರಗಳಿಂದ ಅದೇ ವಸ್ತುವನ್ನು ಪಡೆಯಬಹುದೇ ಎಂದೂ ನೋಡಿದರು. ಔಷಧಿ ಸಸ್ಯ ಸಂಶೋಧನೆ ಎಂದರೆ ಹೀಗಿರಬೇಕು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಕೆಲಸವನ್ನು. ಗುಣ ಕಂಡುಹಿಡಿಯುವುದರ ಜೊತೆಗೇ ಗಿಡ ಉಳಿಯುವ ದಾರಿಯನ್ನೂ ಅದು ಹುಡುಕಿತು.

ಉಪ್ಪಾಗೆಯ ಕಥೆ ತದ್ವಿರುದ್ಧ. ಮಲೆನಾಡಿನಲ್ಲಿ ಹುಳಿಗೆ, ತುಪ್ಪಕ್ಕೆ ಬಳಸುತ್ತಿದ್ದ ಹಣ್ಣು. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿ ಸಿಟ್ರಿಕ್ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಇಲಿಗಳಲ್ಲಿ ಆ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ ಎಂದು ಕಂಡಿದ್ದೇ ತಡ, ತೂಕ ಇಳಿಸುವ ಗುಳಿಗೆಯಾಗಿ ಹೊರದೇಶಗಳಲ್ಲಿ ಬಿಕರಿ ಶುರುವಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಹುಸಿ ಗುಳಿಗೆ ನುಂಗಿದವರಿಗಿಂತ ಉಪ್ಪಾಗೆ ಗುಳಿಗೆ ನುಂಗಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಮಾರಾಟ ಮಾತ್ರ ನಿಲ್ಲಲಿಲ್ಲ. ಇಲಿಯಿಂದ ನೇರವಾಗಿ ಅಂಗಡಿಗೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಧುಮೇಹಕ್ಕೆ ಕೊಡುವ ಹೊನ್ನೆ ಚಕ್ಕೆಯ ಬಗ್ಗೆಯೂ ಒಂದು ಮಾತು. ಐಸಿಎಂಆರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 97 ಮಧುಮೇಹಿಗಳಲ್ಲಿ 67 ಜನರ ಸಕ್ಕರೆ ಹತೋಟಿಗೆ ಬಂದಿತ್ತು. ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆದರೂ ಮನುಷ್ಯರನ್ನು ಮುಟ್ಟಿದ ಕೆಲಸವೆಂದು ಅದನ್ನು ಗೌರವಿಸುತ್ತೇನೆ.

ಮತ್ತೆ ಕಾಮಾಲೆಗೆ ಬರುತ್ತೇನೆ, ಏಕೆಂದರೆ ಜೀವ ಹೋಗುವುದು ಅಲ್ಲಿ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತವೆ. ನೆಲನೆಲ್ಲಿ ಕುಡಿದರೂ ವಾಸಿ, ಕುಡಿಯದಿದ್ದರೂ ವಾಸಿ. ಆದರೆ ತುಂಬು ಗರ್ಭಿಣಿಗೆ ಇ ತಗುಲಿದರೆ ಪ್ರಾಣಕ್ಕೇ ಅಪಾಯ. ಮಳೆಗಾಲದಲ್ಲಿ ಇಲಿಜ್ವರದಿಂದಲೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಬೇಕಾದದ್ದು ತಕ್ಷಣದ ಆ್ಯಂಟಿಬಯೋಟಿಕ್. ಪಿತ್ತಕೋಶದ ಕಲ್ಲು ನಾಳವನ್ನು ಮುಚ್ಚಿದ್ದರೆ ಯಾವ ಸೊಪ್ಪೂ ಅದನ್ನು ತೆಗೆಯದು. ಹಳದಿ ಕಣ್ಣಿನ ಎಲ್ಲರಿಗೂ ಒಂದೇ ಲೋಟ ಕೊಟ್ಟಾಗ, ಹತ್ತರಲ್ಲಿ ಎಂಟು ಜನ ಗುಣವಾದ ಸುದ್ದಿ ಹಬ್ಬುತ್ತದೆ, ತಡವಾಗಿ ಆಸ್ಪತ್ರೆಗೆ ಹೋದವರ ಸುದ್ದಿ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಅನುಭವವಿರುವ ಎಷ್ಟೋ ನಾಟಿ ವೈದ್ಯರು ಈ ಭೇದ ಬಲ್ಲರು. ಕೆಲವರನ್ನು ತಾವೇ ಆಸ್ಪತ್ರೆಗೆ ಕಳಿಸುತ್ತಾರೆ. ಯಾವ ಲಕ್ಷಣ ಕಂಡು ಕಳಿಸುತ್ತಾರೆ ಎಂದು ಸಂಶೋಧಕರು ಕೇಳಿ ಬರೆದುಕೊಳ್ಳಬೇಕು. ಗಿಡದ ಹೆಸರಿಗಿಂತ ಅದು ಮುಖ್ಯ.

ಮಾಡಬೇಕಾದ ಪರೀಕ್ಷೆ ಕಷ್ಟದ್ದೇನೂ ಅಲ್ಲ. ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದು ಖಚಿತವಾದ ವಯಸ್ಕರನ್ನು, ಅವರು ಒಪ್ಪಿದರೆ, ಎರಡು ಗುಂಪು ಮಾಡಿ. ಒಂದಕ್ಕೆ ವೈದ್ಯರು ಅರೆದುಕೊಡುವ ಹಾಗೆಯೇ ನೆಲನೆಲ್ಲಿ, ಮಜ್ಜಿಗೆಯಲ್ಲಿ; ಇನ್ನೊಂದಕ್ಕೆ ಅದೇ ಬಣ್ಣದ, ಅಷ್ಟೇ ಕಹಿಯಾದ, ಅಪಾಯವಿಲ್ಲದ ಬೇರೊಂದು ಸೊಪ್ಪು. ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ರಕ್ತದಲ್ಲಿ ಎಷ್ಟಿದೆ ಎಂದು ವಾರಕ್ಕೊಮ್ಮೆ ಅಳೆಯಿರಿ. ಪರೀಕ್ಷೆಯನ್ನು ರಾಷ್ಟ್ರೀಯ ನೋಂದಣಿಯಲ್ಲಿ ಮೊದಲೇ ದಾಖಲಿಸಿ, ಫಲಿತಾಂಶ ಏನೇ ಬರಲಿ ಮುಚ್ಚಿಡಲು ಆಗದಂತೆ ಮಾಡಿ. ಮದ್ದು ಹೇಳಿಕೊಟ್ಟವರ ಹೆಸರು ಪ್ರಬಂಧದ ಲೇಖಕರ ಸಾಲಿನಲ್ಲಿರಲಿ. ಲಾಭ ಬಂದರೆ 2002ರ ಜೀವವೈವಿಧ್ಯ ಕಾಯ್ದೆಯ ಆಶಯದಂತೆ ಪಾಲೂ ಸಿಗಲಿ. ಫಲಿತಾಂಶ ಇಂಗ್ಲಿಷ್ ಪತ್ರಿಕೆಗೆ ಹೋಗುವ ಮೊದಲು ಅವರ ಜಗುಲಿಯಲ್ಲಿ ಕುಳಿತು ಕನ್ನಡದಲ್ಲಿ ಹೇಳಿ.

ಅದೇ ಪರೀಕ್ಷೆಯಲ್ಲಿ ಪಥ್ಯವನ್ನೂ ಸೇರಿಸಬಹುದು. ಕಾಮಾಲೆ ಬಂದವರಿಗೆ ಎಣ್ಣೆ, ಬೇಳೆ ವಾರಗಟ್ಟಲೆ ಬಿಡಿಸುವ ಅಗತ್ಯವಿಲ್ಲ ಎಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಊಟ ಸೇರುವಷ್ಟು ಕೊಡಿ ಎನ್ನುತ್ತದೆ. ಮೊದಲೇ ಸೊರಗಿದ ಕೂಲಿಯವರು ಗಂಜಿಯೊಂದರಲ್ಲೇ ತಿಂಗಳು ಕಳೆದು ಮತ್ತೆ ಕೆಲಸಕ್ಕೆ ಏಳಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನೆಲನೆಲ್ಲಿಯ ಜೊತೆಗೇ ಅಳೆದುಬಿಡಬೇಕು.