ಚೌಕಟ್ಟಿನ ಹೊರಗೆ ಉಳಿದದ್ದು

ಸೇನೆಯ ಛಾಯಾಗ್ರಾಹಕರು ತೆಗೆದ ಯುದ್ಧಚಿತ್ರಗಳನ್ನು ನಾವು ಸತ್ಯದ ಪ್ರತಿರೂಪವೆಂದೇ ಭಾವಿಸುತ್ತೇವೆ. 1943ರ ‘ಡೆಸರ್ಟ್ ವಿಕ್ಟರಿ’ಯನ್ನೇ ನೋಡಬಹುದು. ಎಲ್ ಅಲಮೀನ್ ಕದನವನ್ನು ಬ್ರಿಟಿಷ್ ಸೇನೆಯ ಚಲನಚಿತ್ರ ಘಟಕದವರು ಪ್ರಾಣವನ್ನು ಪಣಕ್ಕಿಟ್ಟು ಚಿತ್ರಿಸಿದರು. ಆದರೂ ರಾತ್ರಿಯ ದಾಳಿಯ ಕೆಲವು ದೃಶ್ಯಗಳು ಸ್ಟುಡಿಯೊದಲ್ಲಿ ಸಿದ್ಧವಾದವು. ನಮ್ಮ ದೃಷ್ಟಿಯಲ್ಲಿ ಅದು ದೊಡ್ಡ ದೋಷವಲ್ಲ. ಕ್ಯಾಮೆರಾ ಸೇನೆಯೊಡನೆ ಬಂದು ಸೇನೆಯೊಡನೆಯೇ ಹೊರಟುಹೋಗುವುದು ಅದಕ್ಕಿಂತ ದೊಡ್ಡ ಮಿತಿ.

ಈ ಮಾತು ನಮ್ಮ ನೆಲಕ್ಕೂ ಸಲ್ಲುತ್ತದೆ. ನಿಲಂಗಾ, ಉದಗೀರಗಳು ಬೀದರ್ ಜಿಲ್ಲೆಯಲ್ಲಿದ್ದ ಕಾಲವದು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಉಮರ್ಗಾದತ್ತ ಸಾಗಿತು. ಐದೇ ದಿನಗಳಲ್ಲಿ ನಿಜಾಮರ ಸೇನೆ ಸೋತಿತು. ಜನರಲ್ ಎಲ್ ಎದ್ರೂಸ್ ಅವರು ಜನರಲ್ ಚೌಧುರಿಯವರಿಗೆ ಶರಣಾದ ಚಿತ್ರ ಎಲ್ಲರಿಗೂ ಪರಿಚಿತ. ಅದಕ್ಕೆ ಮೊದಲು ರಜಾಕಾರರಿಂದ ನೊಂದ ಹಳ್ಳಿಗಳಾಗಲಿ, ಅನಂತರ ಉಸ್ಮಾನಾಬಾದ್, ಬೀದರ್ ಜಿಲ್ಲೆಗಳಲ್ಲಿ ಹತರಾದ ಮುಸ್ಲಿಮರಾಗಲಿ ಆ ಚೌಕಟ್ಟಿನೊಳಗಿಲ್ಲ. ಇದನ್ನು ಕುರಿತ ಸುಂದರಲಾಲ್ ಸಮಿತಿಯ ವರದಿಯೂ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಹಾಗೆಂದು ಆ ಚಿತ್ರಗಳನ್ನು ತಳ್ಳಿಹಾಕುವುದು ತರವಲ್ಲ. ಅವು ತೋರಿಸಿದ್ದು ವಿಜಯದ ದಿನವನ್ನು; ಊರಿನ ದಿನಗಳನ್ನು ಕಂಡವರು ನಮ್ಮ ಹಿರಿಯರು. ಅವರು ಯಾವ ಮತದವರೇ ಆಗಿರಲಿ, ಅವರಿಂದ ಕೇಳಿದ್ದನ್ನು ನಾವು ಬರೆದಿಡಬೇಕು.